ಇಜ್ಮಿರ್‌ನಲ್ಲಿ ಕೇಸರಿಬಾತ್

ಟರ್ಕಿಯ ಮೂರನೇ ದೊಡ್ಡ ನಗರ ಇಜ್ಮಿರ್‌ಗೆ ಕೆಲಸಕ್ಕೆ ಬಂದ ಹೊಸದರಲ್ಲಿ ನನಗೆ ಮಾತಿಗೆ ಲ್ಯಾಪ್‌ಟಾಪ್ ಬಿಟ್ಟರೆ ಯಾರೂ ಇರಲಿಲ್ಲ. ಭಾನುವಾರ ಕೊನಾಕ್ ಚೌಕದಲ್ಲಿ 1901ರ ಗಡಿಯಾರ ಗೋಪುರ ನೋಡೋದು, ಫೆರಿ ಹತ್ತಿ ಆಚೆ ದಡದ ಕಾರ್ಶಿಯಾಕಾಗೆ ಹೋಗೋದು, ಸುಮ್ಮನೆ ವಾಪಸ್ ಬರೋದು. ಎಳ್ಳು ಮೆತ್ತಿದ ಬಳೆಯಂಥ ಬ್ರೆಡ್ಡಿಗೆ ಇಸ್ತಾಂಬುಲ್‌ನಲ್ಲಿ ‘ಸಿಮಿತ್’ ಅಂತಾರೆ, ಇಲ್ಲಿ ‘ಗೆವ್ರೆಕ್’. ನಾನು ಸಿಮಿತ್ ಅಂದಾಗಲೆಲ್ಲ ಗಾಡಿಯವನು ನಕ್ಕು ತಿದ್ದುತ್ತಿದ್ದ. ದಿನದ ಮಾತುಕತೆ ಅಷ್ಟೇ!

ಮೊಹರಂ ತಿಂಗಳ ಒಂದು ಸಂಜೆ ಪಕ್ಕದ ಮನೆಯ ‘ತೆಯ್ಜೆ’ (ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ) ಒಂದು ಬಟ್ಟಲು ಕೈಗಿಟ್ಟರು. ಅಶುರೆ: ಗೋಧಿ, ಕಡಲೆ, ಒಣಹಣ್ಣು ಹಾಕಿ ಬೇಯಿಸಿ, ಮೇಲೆ ದಾಳಿಂಬೆ ಉದುರಿಸಿ ನೆರೆಹೊರೆಗೆ ಹಂಚುವ ಸಿಹಿ. ಥೇಟ್ ನಮ್ಮ ಗೋಧಿ ಪಾಯಸ, ಏಲಕ್ಕಿ ಒಂದಿಲ್ಲ.

ಖಾಲಿ ಬಟ್ಟಲು ಹಿಂದಿರುಗಿಸಬಾರದಲ್ವಾ? ಅಂಗಡಿಯಲ್ಲಿ ರವೆ ಸಿಕ್ಕಿತು. ಕೇಸರಿಬಾತ್ ಮಾಡಿ ತುಂಬಿಸಿ ಕೊಟ್ಟೆ. ತೆಯ್ಜೆಯ ಮುಖ ಸಣ್ಣಗಾಯ್ತು. ಫೋನಿನ ಅನುವಾದದಲ್ಲಿ ಕೇಳಿದರು: “ಮನೆಯಲ್ಲಿ ಯಾರು ತೀರಿಕೊಂಡರು?” ಇಲ್ಲಿ ಸಾವಾದ ಮನೆಯವರು ರವೆ ಹಲ್ವಾ ಮಾಡಿ ಹಂಚುತ್ತಾರಂತೆ.

ಯಾರೂ ಇಲ್ಲ ಅನ್ನಲು ಹೊರಟವನಿಗೆ ಗಂಟಲು ಕಟ್ಟಿತು. ಮೂರು ವಾರದ ಹಿಂದಷ್ಟೇ ಊರಲ್ಲಿ ಅಜ್ಜಿ ಹೋಗಿದ್ದರು. ಹೊಸ ಕೆಲಸ ಅಂತ ನಾನು ರಜೆಯನ್ನೇ ಕೇಳಿರಲಿಲ್ಲ.

“ಅಜ್ಜಿ” ಅಂತ ಟೈಪ್ ಮಾಡಿದೆ. ತೆಯ್ಜೆ ಒಳಗೆ ಕರೆದು ಕೂರಿಸಿ, ಚಹಾಕ್ಕೆ ನೀರಿಟ್ಟರು.