ಸವೆದ ಎಂಜಿನು: ದುರಸ್ತಿಯೆ, ಬದಲಾವಣೆಯೆ?

ನಮ್ಮ ನೆರೆಮನೆಯ ನಿವೃತ್ತ ಉಪಾಧ್ಯಾಯರ ಬಳಿ 1986ರ ಅಂಬಾಸಿಡರ್ ಕಾರೊಂದಿದೆ. ಅದು ಅವರ ತಂದೆಯವರು ಕೊಂಡದ್ದು. ಕಳೆದ ಚಳಿಗಾಲದಲ್ಲಿ ಅದನ್ನು ಬೆಳಿಗ್ಗೆ ಚಾಲನೆಗೊಳಿಸಿದೊಡನೆ ಹಿಂಬದಿಯ ಕೊಳವೆಯಿಂದ ನೀಲಿ ಹೊಗೆಯೆದ್ದು ಬೀದಿಯನ್ನು ಆವರಿಸತೊಡಗಿತು. ಏರು ಬಂದರೆ ಕಾರು ಏದುಸಿರು ಬಿಡುತ್ತಿತ್ತು. ಐನೂರು ಕಿಲೋಮೀಟರು ಓಡುವಷ್ಟರಲ್ಲಿ ಒಂದು ಲೀಟರು ಕೀಲೆಣ್ಣೆ ಮಾಯವಾಗುತ್ತಿತ್ತು. ಒಬ್ಬ ಮೆಕ್ಯಾನಿಕ್ ನೋಡಿ, "ಬೋರ್ ಮಾಡಿಸಿಬಿಡಿ ಮೇಷ್ಟ್ರೇ, ಸರಿಹೋಗುತ್ತದೆ" ಎಂದನು. ಮತ್ತೊಬ್ಬನು, "ಇದರಲ್ಲಿ ಇನ್ನೇನೂ ಉಳಿದಿಲ್ಲ, ಬೇರೆ ಎಂಜಿನು ಕೂರಿಸೋಣ" ಎಂದನು. ಇಬ್ಬರೂ ಎಂಜಿನನ್ನು ಬಿಚ್ಚಿರಲಿಲ್ಲ. ಹೊಗೆಯನ್ನು ಕಂಡೇ ತೀರ್ಪು ಕೊಟ್ಟಿದ್ದರು. ಯಾವ ದಾರಿ ಹಿಡಿದರೂ ಉಪಾಧ್ಯಾಯರಿಗೆ ಹಲವು ತಿಂಗಳ ಪಿಂಚಣಿ ಕೈಬಿಡುವುದಂತೂ ಖಂಡಿತವಾಗಿತ್ತು.

ಇಂತಹ ಪ್ರಶ್ನೆಗೆ ಉತ್ತರವನ್ನು ಅಳತೆಯಿಂದ ಪಡೆಯಬೇಕೇ ಹೊರತು ಊಹೆಯಿಂದಲ್ಲ. ಆದರೆ ಏನನ್ನು ಅಳೆಯಬೇಕೆಂದು ತಿಳಿಯಲು, ಎಂಜಿನು ಎಲ್ಲಿ ಮತ್ತು ಏಕೆ ಸವೆಯುತ್ತದೆಂಬುದನ್ನು ಮೊದಲು ತಿಳಿಯಬೇಕು.

ಈ ಕಾರಿನ ಎಂಜಿನಿನಲ್ಲಿ ನಾಲ್ಕು ಸಿಲಿಂಡರುಗಳಿವೆ. ಹೊಸದಿದ್ದಾಗ ಪ್ರತಿಯೊಂದರ ಒಳವ್ಯಾಸವು 73.025 ಮಿಲಿಮೀಟರು, ಪಿಸ್ಟನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ ಚಲಿಸುವ ದೂರ 88.9 ಮಿಲಿಮೀಟರು. ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ ಎನ್ನೋಣ. ಪ್ರತಿ ಸುತ್ತಿಗೆ ಪಿಸ್ಟನ್ನು ಒಮ್ಮೆ ಇಳಿದು ಒಮ್ಮೆ ಏರುವುದರಿಂದ, ಅದು ಗಂಟೆಗೆ ಸುಮಾರು 32 ಕಿಲೋಮೀಟರು ದೂರ ಗೋಡೆಯನ್ನು ಉಜ್ಜುತ್ತ ಸಾಗಿದಂತಾಗುತ್ತದೆ. ಕಾರು ಗಂಟೆಗೆ ಸರಾಸರಿ 50 ಕಿಲೋಮೀಟರಿನಂತೆ ಒಂದು ಲಕ್ಷ ಕಿಲೋಮೀಟರು ಓಡುವಷ್ಟರಲ್ಲಿ ಪಿಸ್ಟನ್ನು ಅಂಗೈಯಗಲದ ಆ ಓಣಿಯೊಳಗೇ 64,000 ಕಿಲೋಮೀಟರು ಓಡಾಡಿರುತ್ತದೆ! ಭೂಮಿಯನ್ನು ಒಂದೂವರೆ ಸಲ ಸುತ್ತಿದರೂ ಇನ್ನಷ್ಟು ಮಿಗುವ ದೂರವಿದು. ಇಷ್ಟೆಲ್ಲ ಉಜ್ಜಾಟವಾದರೂ ಎರಕದ ಕಬ್ಬಿಣದ ಗೋಡೆಯು ಸವೆಯುವುದು ಒಂದು ಮಿಲಿಮೀಟರಿನ ಅಲ್ಪ ಭಾಗ ಮಾತ್ರ. ಪಿಸ್ಟನ್ನಿಗೂ ಗೋಡೆಗೂ ನಡುವೆ ನಿಲ್ಲುವ ಕೀಲೆಣ್ಣೆಯ ತೆಳುಪೊರೆಯ ಮಹಿಮೆಯಿದು.

ಸವೆತವು ಎಲ್ಲೆಡೆಯೂ ಸಮನಾಗಿರುವುದಿಲ್ಲ. ಪಿಸ್ಟನ್ನು ತನ್ನ ಪ್ರಯಾಣದ ಮೇಲ್ತುದಿಯಲ್ಲಿ ಒಂದು ಕ್ಷಣ ನಿಂತು ಹಿಂದಿರುಗುತ್ತದೆ. ಚಲನೆಯಿರುವಾಗ ಮಾತ್ರ ಎಣ್ಣೆಯ ಪೊರೆಯು ಬಲವಾಗಿ ನಿಲ್ಲಬಲ್ಲುದು. ನಿಂತ ಕ್ಷಣದಲ್ಲಿ ಅದು ತೆಳುವಾಗಿ ಹರಿಯುತ್ತದೆ. ಅದೇ ಹೊತ್ತಿಗೆ ಇಂಧನವು ಹೊತ್ತಿ, ಉರಿಯುವ ಅನಿಲದ ಒತ್ತಡವು ಪಿಸ್ಟನ್ನಿನ ಉಂಗುರಗಳನ್ನು ಒಳಗಿನಿಂದ ಗೋಡೆಗೆ ಅದುಮುತ್ತದೆ. ಆದ್ದರಿಂದ ಮೇಲಿನ ಉಂಗುರವು ತಿರುಗುವ ಎಡೆಯಲ್ಲಿ ಸವೆತ ಅತಿ ಹೆಚ್ಚು, ಕೆಳಗಿಳಿದಂತೆಲ್ಲ ಕಡಿಮೆ. ಉಂಗುರವು ಮುಟ್ಟದ ಮೇಲಂಚು ಸವೆಯದೆ ಉಳಿದು ಸಣ್ಣ ಏಣಿನಂತೆ ನಿಲ್ಲುತ್ತದೆ. ಬೆರಳಿನ ಉಗುರನ್ನು ಆಡಿಸಿದರೆ ಅದು ತಟಕ್ಕನೆ ತಗಲುತ್ತದೆ. ಇನ್ನು ಕನೆಕ್ಟಿಂಗ್ ರಾಡು ಓರೆಯಾಗಿ ತಳ್ಳುವುದರಿಂದ ಪಿಸ್ಟನ್ನು ಒಂದು ಪಕ್ಕದ ಗೋಡೆಗೆ ಹೆಚ್ಚು ಒರಗುತ್ತದೆ. ಹೀಗೆ ದುಂಡಾಗಿದ್ದ ಸಿಲಿಂಡರು ಕ್ರಮೇಣ ಅಂಡಾಕಾರಕ್ಕೆ ತಿರುಗುತ್ತದೆ. ಅಂಡಾಕಾರದ ರಂಧ್ರದಲ್ಲಿ ದುಂಡು ಉಂಗುರವನ್ನು ಕೂರಿಸಿದರೆ ಸಂದು ಉಳಿಯದೆ ಇದ್ದೀತೆ?

ಹೆಚ್ಚು ಓಡಿದ ಕಾರೇ ಹೆಚ್ಚು ಸವೆಯುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 1930ರ ದಶಕದಲ್ಲಿ ಬ್ರಿಟನ್ನಿನ ಎಂಜಿನಿಯರರು ನಡೆಸಿದ ಪರೀಕ್ಷೆಗಳಿಂದ ಒಂದು ವಿಷಯ ಹೊರಬಿದ್ದಿತು. ತಣ್ಣಗಿರುವ ಸಿಲಿಂಡರಿನ ಗೋಡೆಯ ಮೇಲೆ ದಹನದ ನೀರಾವಿಯು ಹನಿಗಟ್ಟಿ, ಆಮ್ಲವನ್ನು ಹುಟ್ಟಿಸಿ ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಉಪಾಧ್ಯಾಯರು ಕಾರನ್ನು ಬಳಸುತ್ತಿದ್ದುದು ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ, ಅಷ್ಟೆ. ಎಂಜಿನು ಬಿಸಿಯೇರುವಷ್ಟರಲ್ಲಿ ಪ್ರಯಾಣವೇ ಮುಗಿದಿರುತ್ತಿತ್ತು. ಅವರು "ಜೋಪಾನವಾಗಿ" ಓಡಿಸಿದ್ದೇ ಅದಕ್ಕೆ ಮುಳುವಾಯಿತೆಂದು ನಾನು ಹೇಳಿದಾಗ ಅವರಿಗೆ ಸ್ವಲ್ಪ ಬೇಸರವೂ ಆಯಿತು.

ಈಗ ಪರೀಕ್ಷೆಗೆ ಬರೋಣ. ಹೊಗೆಯ ಬಣ್ಣವು ಮೊದಲ ಸುಳಿವು. ನೀಲಿಯಾದರೆ ಕೀಲೆಣ್ಣೆ ಉರಿಯುತ್ತಿದೆ. ಕಪ್ಪಾದರೆ ಪೆಟ್ರೋಲು ಮಿತಿಮೀರಿದೆ. ಎಂಜಿನು ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ಒಳಕ್ಕೆ ನೀರು ಸೇರುತ್ತಿದೆ. ಆದರೆ ನೀಲಿ ಹೊಗೆಯು ಉಂಗುರಗಳ ಸಂದಿನಿಂದಲೂ ಬರಬಹುದು, ಕವಾಟದ ಕಡ್ಡಿಯ ಬಳಿಯ ಸೋರಿಕೆಯಿಂದಲೂ ಬರಬಹುದು. ಎರಡನೆಯದಾದರೆ ಖರ್ಚು ಅಲ್ಪ. ಸವೆತ ಎಲ್ಲಿದೆಯೆಂದು ಹೇಳುವುದು ಸಂಪೀಡನ ಪರೀಕ್ಷೆ. ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಕಳಚಿ, ಒಂದೊಂದು ರಂಧ್ರಕ್ಕೂ ಒತ್ತಡಮಾಪಕವನ್ನು ಹಿಡಿದು, ಎಂಜಿನನ್ನು ಸ್ಟಾರ್ಟರಿನಿಂದ ತಿರುಗಿಸಿದೆವು. ಚದರಂಗುಲಕ್ಕೆ 120, 116, 82, 114 ಪೌಂಡು ಎಂದು ಅಳತೆ ಬಂದಿತು. ಮೂರನೆಯ ಸಿಲಿಂಡರು ಕುಸಿದಿದ್ದುದು ಸ್ಪಷ್ಟ. ಅದರೊಳಕ್ಕೆ ಒಂದು ಚಮಚ ಕೀಲೆಣ್ಣೆ ಸುರಿದು ಮತ್ತೆ ಅಳೆದಾಗ ಒತ್ತಡವು 110ಕ್ಕೆ ಏರಿತು. ಎಣ್ಣೆಯು ಉಂಗುರದ ಸುತ್ತಣ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದುದರಿಂದ ಹೀಗಾಯಿತು. ಕವಾಟವು ಸೋರುತ್ತಿದ್ದರೆ ಎಣ್ಣೆ ಸುರಿದರೂ ಒತ್ತಡ ಹೀಗೆ ಏರುತ್ತಿರಲಿಲ್ಲ. ಎಷ್ಟು ಸರಳವಾದ ಪರೀಕ್ಷೆ! ಇಬ್ಬರು ಮೆಕ್ಯಾನಿಕರೂ ಇದನ್ನು ಮಾಡಲಿಲ್ಲವೆಂಬುದೇ ನನಗೆ ಆಶ್ಚರ್ಯ.

ಅನಂತರ ಎಂಜಿನನ್ನು ಇಳಿಸಿ ಲೇತ್ ಕಾರ್ಖಾನೆಗೆ ಸಾಗಿಸಿದೆವು. ಅಲ್ಲಿ ಪಿಸ್ಟನ್ನನ್ನು ಹೊರತೆಗೆದಾಗ ಅದರ ತಲೆಯ ಮೇಲೆ 020 ಎಂಬ ಅಂಕಿ ಕಂಡಿತು. ಈ ಎಂಜಿನು ಹಿಂದೊಮ್ಮೆ ಬೋರ್ ಆಗಿತ್ತೆಂಬುದಕ್ಕೆ ಅದೇ ಸಾಕ್ಷಿ. ಸವೆದ ಸಿಲಿಂಡರನ್ನು ದೊಡ್ಡದಾಗಿ ಕೊರೆದು ಮತ್ತೆ ದುಂಡಾಗಿಸುವುದೇ ಬೋರ್ ಮಾಡುವುದೆಂದರೆ. ಅದಕ್ಕೆ ತಕ್ಕ ದಪ್ಪ ಪಿಸ್ಟನ್ನುಗಳು ಸಾಮಾನ್ಯವಾಗಿ ಹತ್ತು ಹತ್ತು ಥೌ, ಎಂದರೆ ಅಂಗುಲದ ಸಾವಿರದ ಹತ್ತಂಶದ, ಮೆಟ್ಟಿಲುಗಳಲ್ಲಿ ದೊರೆಯುತ್ತವೆ. ಈ ಎಂಜಿನಿಗೆ ಕೊನೆಯ ಮೆಟ್ಟಿಲು 40 ಥೌ. 20 ಥೌ ಬೋರಿನಲ್ಲಿ ವ್ಯಾಸವು 73.53 ಮಿಲಿಮೀಟರಾಗಿರಬೇಕು. ಮೂರನೆಯ ಸಿಲಿಂಡರಿನ ಮೇಲ್ಭಾಗದಲ್ಲಿ ಮಾಪಕವು 73.81 ತೋರಿಸಿತು. 30 ಥೌ ಬೋರಿನ ವ್ಯಾಸ 73.79. ಅಂದರೆ ಸವೆತವು ಮುಂದಿನ ಮೆಟ್ಟಿಲನ್ನು ಆಗಲೇ ದಾಟಿತ್ತು! 30ಕ್ಕೆ ಕೊರೆದರೆ ಗುಂಡಿಯು ಹಾಗೆಯೇ ಉಳಿಯುತ್ತದೆ. ಆದ್ದರಿಂದ 40ಕ್ಕೇ ಹೋಗಬೇಕು. ನಾಲ್ಕು ಪಿಸ್ಟನ್ನುಗಳೂ ಸಮತೂಕವಿರಬೇಕಾದುದರಿಂದ ಉಳಿದ ಮೂರನ್ನೂ ಅಷ್ಟಕ್ಕೇ ಕೊರೆಯಬೇಕು. ಎಂಜಿನಿಗೆ ಉಳಿದಿದ್ದುದು ಒಂದೇ ಒಂದು ಬೋರು. ಆಮೇಲೆ ಲೈನರ್ ಎಂಬ ಕಬ್ಬಿಣದ ತೋಳನ್ನು ಒಳಗೆ ತೂರಿಸುವುದೊಂದೇ ಉಪಾಯ.

ಹಾಗಾದರೆ ಬೇರೆ ಎಂಜಿನು ಕೊಳ್ಳುವುದೇ ಮೇಲಲ್ಲವೆ? ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರಿನ ತಯಾರಿಕೆಯು 2014ರಲ್ಲಿ ನಿಂತುಹೋಯಿತು. ಆದ್ದರಿಂದ "ಬೇರೆ ಎಂಜಿನು" ಎಂದರೆ ಗುಜರಿಗೆ ಹೋದ ಕಾರಿನಿಂದ ಕಳಚಿದ ಎಂಜಿನು. ಅದರ ಪಿಸ್ಟನ್ನಿನ ತಲೆಯ ಮೇಲೆ ಯಾವ ಅಂಕಿಯಿದೆಯೋ ಬಿಚ್ಚದೆ ತಿಳಿಯದು. ಮಾರುವವನು ಬಿಚ್ಚಲು ಬಿಡುವುದಿಲ್ಲ. 1990ರ ದಶಕದ ಅಂಬಾಸಿಡರುಗಳಿಗೆ ಬಂದ ಇಸುಜು ಎಂಜಿನನ್ನು ಹಾಕುವುದಾದರೆ ಗೇರುಪೆಟ್ಟಿಗೆಯಿಂದ ಹಿಡಿದು ಹಲವು ಭಾಗಗಳನ್ನು ಬದಲಿಸಬೇಕು. ಎಂಜಿನಿನ ಸಂಖ್ಯೆಯು ನೋಂದಣಿ ಪತ್ರದಲ್ಲಿ ದಾಖಲಾಗಿರುವುದರಿಂದ ಸಾರಿಗೆ ಕಚೇರಿಯ ಅಲೆದಾಟವೂ ತಪ್ಪದು.

ನಾವು ಲೆಕ್ಕವನ್ನು ಹೀಗೆ ಹಾಕಿದೆವು. ದುರಸ್ತಿಗೆ 60,000 ರೂಪಾಯಿ ತಗುಲಿ 80,000 ಕಿಲೋಮೀಟರು ದೊರೆಯಿತೆನ್ನೋಣ. ಕಿಲೋಮೀಟರಿಗೆ 75 ಪೈಸೆ ಬಿದ್ದಂತಾಯಿತು. ಹಳೆಯ ಎಂಜಿನೊಂದಕ್ಕೆ 40,000 ರೂಪಾಯಿ ಕೊಟ್ಟು ಅಷ್ಟೇ ದೂರ ಓಡಿದರೆ 50 ಪೈಸೆ. ಅದು 20,000 ಕಿಲೋಮೀಟರಿಗೇ ಕೈಕೊಟ್ಟರೆ ಎರಡು ರೂಪಾಯಿ. ಉಪಾಧ್ಯಾಯರು ವರ್ಷಕ್ಕೆ ಓಡಿಸುವುದು 4,000 ಕಿಲೋಮೀಟರು. 80,000 ಎಂದರೆ ಇಪ್ಪತ್ತು ವರ್ಷ! "ಅಷ್ಟು ದಿನ ನಾನೇ ಇರುತ್ತೇನೋ ಇಲ್ಲವೋ" ಎಂದು ನಕ್ಕು ಅವರು ದುರಸ್ತಿಗೆ ಒಪ್ಪಿದರು. ಆದರೆ ಒಂದು ಷರತ್ತಿತ್ತು: ಎರಕದ ಒಡಲಿಗೆ ನೀರಿನ ಒತ್ತಡ ಕೊಟ್ಟು ನೋಡಬೇಕು, ಬಿರುಕು ಕಂಡರೆ ದುರಸ್ತಿಯ ಮಾತೇ ಇಲ್ಲ. ಆ ದಿನ ಸಂಜೆಯವರೆಗೆ ಅವರು ಕಾರ್ಖಾನೆಯ ಬಾಗಿಲಲ್ಲೇ ಕುಳಿತಿದ್ದರು. ಒಂದು ಹನಿಯೂ ಜಿನುಗಲಿಲ್ಲ.

ಕವಾಟದ ಪೀಠಗಳನ್ನೂ ಆಗಲೇ ಬದಲಿಸಲಾಯಿತು. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸವು ಪೀಠಗಳ ಮೇಲೆ ರಕ್ಷೆಯಂತೆ ಕೂರುತ್ತಿತ್ತು. 2000ದಲ್ಲಿ ನಮ್ಮ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತ ಮೇಲೆ ಮೆತ್ತನೆಯ ಎರಕದ ಪೀಠಗಳು ಸವೆಯುವ ಭಯವಿರುವುದರಿಂದ, ಗಟ್ಟಿ ಉಕ್ಕಿನ ಉಂಗುರಗಳನ್ನು ಕೂರಿಸುವುದು ಲೇಸು.

ಕೊರೆದ ಗೋಡೆಯನ್ನು ಕನ್ನಡಿಯಂತೆ ನಯಗೊಳಿಸಬಾರದು. ಸಾಣೆಗಲ್ಲಿನಿಂದ ಓರೆಯಾಗಿ ಅಡ್ಡಡ್ಡ ಗೀರುಗಳನ್ನೆಳೆಯುತ್ತಾರೆ. ಆ ಗೀರುಗಳಲ್ಲಿ ಎಣ್ಣೆ ನಿಲ್ಲುತ್ತದೆ, ಹೊಸ ಉಂಗುರವು ಗೋಡೆಗೆ ಹೊಂದಿಕೊಳ್ಳುತ್ತದೆ. ಮೊದಲ ಐನೂರು ಕಿಲೋಮೀಟರು ಕಾರನ್ನು ಗಂಟೆಗೆ ಐವತ್ತು ಕಿಲೋಮೀಟರಿಗಿಂತ ಹೆಚ್ಚು ವೇಗವಾಗಿ ಓಡಿಸದೆ, ಅನಂತರ ಕೀಲೆಣ್ಣೆಯನ್ನು ಇಳಿಸಿದೆವು. ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಹಿಡಿದ ಆ ಎಣ್ಣೆಯಲ್ಲಿ ಕಬ್ಬಿಣದ ನವುರಾದ ಹುಡಿ ಮಿನುಗುತ್ತಿತ್ತು. ಎರಡನೆಯ ಸಲ ಇಳಿಸಿದ ಎಣ್ಣೆಯಲ್ಲಿ ಅದು ಹುಡುಕಿದರೂ ಕಾಣಲಿಲ್ಲ.