ಇಂದಿನ ಬುತ್ತಿ, ಇಂದಿನ ಕೃತಜ್ಞತೆ



ಪರೀಕ್ಷೆಯ ಫಲಿತಾಂಶ ಬರುವ ಹಿಂದಿನ ರಾತ್ರಿ ನಿಮಗೆ ಚೆನ್ನಾಗಿ ನಿದ್ದೆ ಬಂದಿತ್ತೇ? ಬಹುಮಂದಿಗೆ ಬಂದಿರಲಾರದು. ಬರೆದ ಉತ್ತರವನ್ನು ಇನ್ನು ತಿದ್ದುವಂತಿಲ್ಲ, ಬರಲಿರುವ ಅಂಕವನ್ನು ಬದಲಿಸುವಂತೆಯೂ ಇಲ್ಲ. ಆದರೂ ಮನಸ್ಸು ನಿನ್ನೆಗೂ ನಾಳೆಗೂ ನಡುವೆ ಓಡಾಡುತ್ತಲೇ ಇರುತ್ತದೆ. ಈ ಓಡಾಟದಲ್ಲಿ ನಮ್ಮ ಕೈಯಲ್ಲಿರುವ ಒಂದೇ ಒಂದು ದಿನ, ಅಂದರೆ ಇಂದು, ಗಮನಕ್ಕೆ ಬಾರದೆ ಕಳೆದುಹೋಗುತ್ತದೆ. 'ಎಲ್ಲ ಒಳ್ಳೆಯದಾಗಲಿ, ಆಮೇಲೆ ದೇವರಿಗೆ ಕೈಮುಗಿಯುತ್ತೇನೆ' ಎಂದು ನಾವು ಹೇಳಿಕೊಳ್ಳುವುದುಂಟು. ಕೃತಜ್ಞತೆ ಎಂದರೆ ಒಳ್ಳೆಯದಾದ ಮೇಲೆ ಕೊಡುವ ರಸೀದಿ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಕ್ರೈಸ್ತ ಚಿಂತನೆ ಇದನ್ನು ಬೇರೆ ರೀತಿಯಲ್ಲಿ ನೋಡುತ್ತದೆ. ಹೇಗೆಂಬುದನ್ನು ಇಲ್ಲಿ ತಿಳಿಯೋಣ.

ಒಂದು ದಿನದ ಅಳತೆ

ಬೈಬಲಿನ ಹಳೆಯ ಒಡಂಬಡಿಕೆಯ ವಿಮೋಚನಕಾಂಡದಲ್ಲಿ, 16ನೆಯ ಅಧ್ಯಾಯದಲ್ಲಿ, ಒಂದು ಪ್ರಸಂಗವಿದೆ. ಐಗುಪ್ತದ ಗುಲಾಮಗಿರಿಯಿಂದ ಹೊರಟ ಇಸ್ರಾಯೇಲ್ಯರು ಮರುಭೂಮಿಯಲ್ಲಿ ಹಸಿದು ಗೊಣಗುತ್ತಾರೆ. ಆಗ ಬೆಳಗಿನ ಹೊತ್ತು ನೆಲದ ಮೇಲೆ ಹಿಮದ ಹರಳಿನಂತಹ ಆಹಾರ ಕಾಣಿಸಿಕೊಳ್ಳುತ್ತದೆ. ಅದೇ ಮನ್ನ. ಪ್ರತಿಯೊಬ್ಬನೂ ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಕೂಡಿಸಿಕೊಳ್ಳಬೇಕು. ನಾಳೆಯ ಭಯದಿಂದ ಬಚ್ಚಿಟ್ಟವರ ಪಾಲಿನಲ್ಲಿ ಹುಳು ಬಿದ್ದು ನಾತ ಹೊಡೆಯಿತು ಎನ್ನುತ್ತದೆ ಕಥೆ. ಆದರೆ ಇನ್ನೊಂದು ಮಾತನ್ನೂ ಗಮನಿಸಬೇಕು. ಆರನೆಯ ದಿನ ಮಾತ್ರ ಎರಡು ಪಾಲು ಕೂಡಿಸಲು ಅಪ್ಪಣೆಯಿತ್ತು, ಏಕೆಂದರೆ ಏಳನೆಯ ದಿನ ವಿಶ್ರಾಂತಿಯ ದಿನ. ಅಂದರೆ ಮುಂದಿನ ಸಿದ್ಧತೆ ತಪ್ಪಲ್ಲ. ಭಯದಿಂದ ಬಾಚಿಕೊಳ್ಳುವುದು ತಪ್ಪು.

ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಇದೇ ಅಳತೆ ಮತ್ತೆ ಕಾಣುತ್ತದೆ. ಅಲ್ಲಿ ಬೇಡುವುದು ತುಂಬಿದ ಕಣಜವನ್ನಲ್ಲ, ಆ ದಿನದ ರೊಟ್ಟಿಯನ್ನು. ಮತ್ತಾಯನ ಸುವಾರ್ತೆಯ ಅದೇ 6ನೆಯ ಅಧ್ಯಾಯದಲ್ಲಿ ಆತ ಆಕಾಶದ ಹಕ್ಕಿಗಳನ್ನೂ ಅಡವಿಯ ಹೂಗಳನ್ನೂ ತೋರಿಸಿ, ನಾಳೆಯ ಚಿಂತೆಯನ್ನು ಇಂದೇ ಹೊರಬೇಡಿ ಎಂಬ ಅರ್ಥದ ಬೋಧನೆ ಮಾಡುತ್ತಾನೆ. ಇದು ಸೋಮಾರಿತನದ ಪಾಠವಲ್ಲ. ಹಕ್ಕಿ ಗೂಡಿನಲ್ಲಿ ಬಾಯಿ ತೆರೆದು ಕುಳಿತಿರುವುದಿಲ್ಲ. ಬೆಳಗಾದೊಡನೆ ಕಾಳು ಹುಡುಕಲು ಹಾರುತ್ತದೆ. ಅದು ಮಾಡದಿರುವುದು ಒಂದೇ: ನಾಳೆಯ ಹಸಿವನ್ನು ಇಂದು ಅನುಭವಿಸುವುದಿಲ್ಲ.

ಮೊದಲೇ ಸಲ್ಲುವ ವಂದನೆ

ಕ್ರೈಸ್ತರ ಆರಾಧನೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚಿಕೊಳ್ಳುವ ವಿಧಿಗೆ 'ಯೂಕರಿಸ್ಟ್' ಎಂಬ ಹೆಸರಿದೆ. ಗ್ರೀಕ್ ಮೂಲದ ಈ ಪದದ ಅರ್ಥವೇ ಕೃತಜ್ಞತೆ ಸಲ್ಲಿಸುವುದು. ಈ ವಿಧಿ ನೆನಪಿಸುವುದು ಯಾವ ರಾತ್ರಿಯನ್ನು? ಯೇಸುವನ್ನು ಬಂಧಿಸಿದ ರಾತ್ರಿಯನ್ನು. ಶಿಷ್ಯನೊಬ್ಬ ದ್ರೋಹ ಬಗೆಯುತ್ತಿದ್ದಾನೆ, ಮರುದಿನ ಶಿಲುಬೆ ಕಾದಿದೆ. ಆ ಊಟದಲ್ಲಿ ಯೇಸು ರೊಟ್ಟಿಯನ್ನು ತೆಗೆದುಕೊಂಡು, ಸ್ತೋತ್ರ ಮಾಡಿ, ಮುರಿದು ಹಂಚಿದನೆಂದು ಸುವಾರ್ತೆಗಳು ಹೇಳುತ್ತವೆ. ವಂದನೆ ಇಲ್ಲಿ ಬಿಡುಗಡೆಯ ನಂತರ ಬಂದುದಲ್ಲ, ಸಂಕಟಕ್ಕೆ ಮೊದಲೇ ಬಂದದ್ದು.

ಹೀಗೆ ಬದುಕುವುದು ಸಾಮಾನ್ಯ ಮನುಷ್ಯನಿಗೆ ಸಾಧ್ಯವೇ ಎಂದು ನೀವು ಕೇಳಬಹುದು. ಇದಕ್ಕೆ ಇತಿಹಾಸದಿಂದ ಒಂದು ಉದಾಹರಣೆಯನ್ನು ನೋಡೋಣ.

ಐಲೆನ್‌ಬುರ್ಗಿನ ಪಾದ್ರಿ

ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಐಲೆನ್‌ಬುರ್ಗ್ ಎಂಬ ಊರಿದೆ. 1586ರಲ್ಲಿ ಅಲ್ಲಿಯೇ ಹುಟ್ಟಿದ ಮಾರ್ಟಿನ್ ರಿಂಕಾರ್ಟ್ 1617ರಲ್ಲಿ ಅದೇ ಊರಿನ ಪಾದ್ರಿಯಾದರು. ಮರುವರ್ಷ, 1618ರಲ್ಲಿ, ಯೂರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧ ಆರಂಭವಾಯಿತು. ಐಲೆನ್‌ಬುರ್ಗಿಗೆ ಕೋಟೆಗೋಡೆ ಇದ್ದುದರಿಂದ ಸುತ್ತಲಿನ ನಿರಾಶ್ರಿತರು ಅಲ್ಲಿಗೆ ನುಗ್ಗಿ ಬಂದರು. ಕಿಕ್ಕಿರಿದ ಊರಿನಲ್ಲಿ 1637ರಲ್ಲಿ ಪ್ಲೇಗು ಹರಡಿತು. ಉಳಿದ ಪಾದ್ರಿಗಳಲ್ಲಿ ಕೆಲವರು ತೀರಿಕೊಂಡು, ಒಬ್ಬರು ಊರು ಬಿಟ್ಟು, ಕೊನೆಗೆ ರಿಂಕಾರ್ಟ್ ಒಬ್ಬರೇ ಉಳಿದರು. ಆ ಒಂದು ವರ್ಷದಲ್ಲಿ ಅವರು 4,000ಕ್ಕೂ ಹೆಚ್ಚು ಶವಸಂಸ್ಕಾರಗಳನ್ನು ನಡೆಸಿದರೆಂದು ಹೇಳಲಾಗುತ್ತದೆ. ಅವುಗಳಲ್ಲಿ ಒಂದು ಅವರ ಪತ್ನಿಯದೇ. ಪ್ಲೇಗಿನ ಬೆನ್ನಿಗೇ ಬರಗಾಲ ಬಂತು. ತಮ್ಮಲ್ಲಿದ್ದುದನ್ನು ಅವರು ಹಸಿದವರಿಗೆ ಹಂಚಿದರು; ತಮ್ಮ ಮನೆಯ ಊಟಕ್ಕೆ ಮುಂದಿನ ವರ್ಷಗಳ ಸಂಬಳವನ್ನು ಒತ್ತೆ ಇಡಬೇಕಾಯಿತು. ಸ್ವೀಡನ್ನಿನ ಸೇನೆ ಊರಿನ ಮೇಲೆ ಭಾರಿ ಕಪ್ಪವನ್ನು ಹೇರಿದಾಗ ಸೇನಾನಾಯಕನ ಬಳಿಗೆ ಹೋಗಿ ಬೇಡಿಕೊಂಡು ಮೊತ್ತವನ್ನು ಇಳಿಸಿದವರೂ ಅವರೇ.

ಈ ರಿಂಕಾರ್ಟ್ ಒಂದು ಸಣ್ಣ ಸ್ತುತಿಗೀತೆಯನ್ನು ಬರೆದಿದ್ದರು. ಇಂದಿಗೂ ಲೋಕದ ಅನೇಕ ಭಾಷೆಗಳ ಚರ್ಚುಗಳಲ್ಲಿ ಅದನ್ನು ಹಾಡುತ್ತಾರೆ. ಯುದ್ಧ ಮುಗಿದ ಸಂತೋಷಕ್ಕಾಗಿ ಅವರು ಅದನ್ನು ಬರೆದರೆಂದು ಬಹಳ ಕಾಲ ಜನ ನಂಬಿದ್ದರು. ಆದರೆ ಯೋಹಾನ್ ಕ್ರೂಗರ್ ಎಂಬ ಸಂಗೀತಗಾರ ಆ ಗೀತೆಯನ್ನು ರಾಗದೊಂದಿಗೆ ಅಚ್ಚು ಮಾಡಿಸಿದ್ದು 1647ರಲ್ಲಿ. ಶಾಂತಿ ಒಪ್ಪಂದ ಆದದ್ದು 1648ರಲ್ಲಿ! ಕವಿಯ ಪುಸ್ತಕದ 1663ರ ಆವೃತ್ತಿಯಲ್ಲಿ ಈ ಗೀತೆಗೆ ಊಟದ ಹೊತ್ತಿನ ಪುಟ್ಟ ಪ್ರಾರ್ಥನೆ ಎಂಬ ತಲೆಬರಹವಿದೆ. ಅಂದರೆ ಇದು ವಿಜಯೋತ್ಸವದ ಹಾಡಲ್ಲ. ತಟ್ಟೆಯ ಮುಂದೆ ಕುಳಿತಾಗ ಹೇಳಿಕೊಳ್ಳುವ ದಿನನಿತ್ಯದ ಮಾತು. ಯುದ್ಧ ಇನ್ನೂ ಮುಗಿಯದಿರುವಾಗಲೇ ಹುಟ್ಟಿದ ಮಾತು.

ಕೃತಜ್ಞತೆ ಯಾವುದಲ್ಲ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಂತ ಪೌಲನು ಥೆಸಲೋನಿಕದವರಿಗೆ ಬರೆದ ಪತ್ರದಲ್ಲಿ ಎಲ್ಲ ಸ್ಥಿತಿಗಳಲ್ಲಿಯೂ ಕೃತಜ್ಞರಾಗಿರಲು ತಿಳಿಸುತ್ತಾನೆ. 'ಎಲ್ಲ ಸ್ಥಿತಿಗಳಲ್ಲಿ' ಎಂಬುದಕ್ಕೂ 'ಎಲ್ಲ ಸ್ಥಿತಿಗಳಿಗಾಗಿ' ಎಂಬುದಕ್ಕೂ ಬಹಳ ವ್ಯತ್ಯಾಸವಿದೆ. ಪ್ಲೇಗಿಗಾಗಿ ಯಾರೂ ವಂದಿಸಬೇಕಾಗಿಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ ಅಳಲಿನ ಕೀರ್ತನೆಗಳೇ ಬಹಳಷ್ಟಿವೆ. ದೇವರನ್ನು ಪ್ರಶ್ನಿಸುವ, ಕಣ್ಣೀರಿಡುವ ಆ ಹಾಡುಗಳೂ ಪ್ರಾರ್ಥನೆಗಳೇ. ಆದ್ದರಿಂದ ದುಃಖದಲ್ಲಿರುವ ಗೆಳೆಯನಿಗೆ 'ಇರುವುದಕ್ಕೆ ಸಂತೋಷಪಡು' ಎಂದು ಉಪದೇಶಿಸಲು ಹೋಗಬೇಡಿ. ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ನಾಳೆ ಅವನು ನೆನೆಯಬಹುದಾದ ಒಳಿತು ಬಹುಶಃ ನೀವು ಹಾಗೆ ಕುಳಿತದ್ದೇ ಆಗಿರಬಹುದು.

ನಮ್ಮ ಕರಾವಳಿಯ ಹೊಸ ಅಕ್ಕಿ

ವಂದನೆಯನ್ನು ಮೊದಲೇ ಸಲ್ಲಿಸುವ ಈ ರೂಢಿಯನ್ನು ನೋಡಲು ಜರ್ಮನಿಗೇ ಹೋಗಬೇಕಾಗಿಲ್ಲ. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕರು ಪ್ರತಿ ವರ್ಷ ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನ್ಮದಿನದಂದು, 'ಮೊಂತಿ' ಹಬ್ಬವನ್ನು ಆಚರಿಸುತ್ತಾರೆ. ಕನ್ನಡದಲ್ಲಿ ಇದನ್ನು ತೆನೆ ಹಬ್ಬ ಎನ್ನುತ್ತೇವೆ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗದ್ದೆಯ ಮೊದಲ ತೆನೆಗಳನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಹಿರಿಯರು ಪ್ರಾರ್ಥಿಸಿದ ಬಳಿಕ ಹೊಸ ಅಕ್ಕಿಯ ಕಾಳುಗಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಎಲ್ಲರೂ ಒಂದಿಷ್ಟು ಸವಿದು, ಬಾಳೆಲೆಯಲ್ಲಿ ಸಸ್ಯಾಹಾರದ ಊಟ ಮಾಡುತ್ತಾರೆ. ಪೂರ್ತಿ ಪೈರು ಇನ್ನೂ ಕಣಕ್ಕೆ ಬಂದಿರುವುದಿಲ್ಲ. ಮಳೆ ಕೆಡಿಸಬಹುದು, ಹುಳು ತಿನ್ನಬಹುದು. ಆದರೂ ಮೊದಲ ತೆನೆಗೆ ಮೊದಲು ವಂದನೆ. ಕೊಡಗಿನ ಹುತ್ತರಿಯನ್ನು ಬಲ್ಲವರಿಗೆ ಹೊಸ ತೆನೆಯ ಮುಂದೆ ತಲೆಬಾಗುವ ಈ ಭಾವ ಹೊಸದೇನಲ್ಲ.

ನಿಮ್ಮ ಪಾಲಿಗೆ

ಮಿತ್ರರೇ, ನೀವು ಯಾವ ಧರ್ಮದವರೇ ಆಗಿರಿ, ಇದರಲ್ಲಿ ಕೈಗೆಟುಕುವ ಒಂದು ಅಭ್ಯಾಸವಿದೆ. ಮಲಗುವ ಮುನ್ನ ಎರಡು ನಿಮಿಷ ಕುಳಿತು ಆ ದಿನ ದೊರೆತ ಒಂದು ಒಳಿತನ್ನು ಹೆಸರಿಸಿ. 'ಎಲ್ಲಕ್ಕೂ ವಂದನೆ' ಎಂದರೆ ಸಾಲದು. ಅಮ್ಮ ಬೇಗನೆದ್ದು ಕಟ್ಟಿಕೊಟ್ಟ ಬುತ್ತಿ, ಗೆಳತಿ ಕೊಟ್ಟ ಟಿಪ್ಪಣಿ, ನಿಂತು ಹತ್ತಿಸಿಕೊಂಡ ಬಸ್ಸು, ಹೀಗೆ ಗುರುತಿಸಿ ಹೇಳಬೇಕು. ಆಮೇಲೆ ನಾಳೆ ಮಾಡಬೇಕಾದ ಒಂದು ಕೆಲಸವನ್ನು ನಿಶ್ಚಯಿಸಿ, ಉಳಿದುದನ್ನು ಕೆಳಗಿಳಿಸಿ ನಿದ್ದೆ ಮಾಡಿ. ವಿಶ್ವಾಸಿಯಾದವನು ಅದನ್ನು ದೇವರ ಕೈಗೆ ಒಪ್ಪಿಸಿದೆ ಎನ್ನುತ್ತಾನೆ.

ಫಲಿತಾಂಶ ಹೇಗೂ ಬರುತ್ತದೆ. ಅದು ಚೆನ್ನಾಗಿರಬಹುದು, ಇಲ್ಲದೆಯೂ ಇರಬಹುದು. ಅದು ಬರುವ ಮುನ್ನವೇ ಇಂದಿನ ಊಟಕ್ಕೆ ವಂದಿಸಲು ಕಲಿತವನು ಅಂದು ಬರಿಗೈಯಲ್ಲಿ ನಿಲ್ಲುವುದಿಲ್ಲ.