ಕನ್ನಡ ಟಿ.ವಿ.ಗೆ ಹೈದರಾಬಾದಿನ ತೊಟ್ಟಿಲು

ಕರ್ನಾಟಕದಲ್ಲಿ ಟಿ.ವಿ. ಶುರುವಾದದ್ದು ಎಲ್ಲಿ ಎಂದರೆ ಹೆಚ್ಚಿನವರು ಬೆಂಗಳೂರು ಎಂದುಬಿಡುತ್ತಾರೆ. ಬೆಂಗಳೂರು ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ಅಷ್ಟು ಹೊತ್ತಿಗೆ ಕಲಬುರಗಿ, ಆಗಿನ ಗುಲ್ಬರ್ಗ, ಕೇಂದ್ರಕ್ಕೆ ನಾಲ್ಕು ವರ್ಷ ತುಂಬಿತ್ತು. ಅದು 1977ರ ಸೆಪ್ಟೆಂಬರ್ 3ರಂದು ಪ್ರಸಾರ ಆರಂಭಿಸಿತು. ಹೈದರಾಬಾದ್ ಕೇಂದ್ರ ಅದರ ಐವತ್ತು ದಿನಗಳ ಮೇಲೆ, ಅಕ್ಟೋಬರ್ 23ರಂದು. ಕೃಷ್ಣೆಯ ಆಸುಪಾಸಿನ, ಈಗ ತೆಲಂಗಾಣಕ್ಕೆ ಸೇರಿದ ಮಕ್ತಲ್, ನಾರಾಯಣಪೇಟೆ, ಗದ್ವಾಲದವರಿಗೆ ಈ ಎರಡು ತಾರೀಖುಗಳೂ ಮನೆಯ ಸಂಗತಿಗಳೇ. ಇವನ್ನು ಯಾರು ಮೊದಲು ಎಂಬ ಹೆಮ್ಮೆಗೆ ಬಳಸುವುದಕ್ಕಿಂತ ಬೇರೊಂದು ಪ್ರಶ್ನೆಗೆ ಬಳಸಬಹುದು: ಟಿ.ವಿ. ಕೇಂದ್ರವೊಂದನ್ನು ಸ್ಥಳೀಯ ಎನ್ನುವುದು ಯಾವಾಗ? ಅದು ಯಾರನ್ನು ತನ್ನ ನೋಡುಗರೆಂದು ಲೆಕ್ಕಕ್ಕೆ ಹಿಡಿಯಿತು ಎಂಬುದರ ಮೇಲೆ ಉತ್ತರ ನಿಂತಿದೆ ಎಂಬುದು ನನ್ನ ವಾದ.

ಕಲಬುರಗಿಗೆ ಟಿ.ವಿ. ಕೇಂದ್ರದ ಭಾಗ್ಯ ಬಂದದ್ದು 'ಸೈಟ್' ಎಂಬ ಉಪಗ್ರಹ ಬೋಧನಾ ಪ್ರಯೋಗದಿಂದ. ಇಸ್ರೋ ಮತ್ತು ಅಮೆರಿಕದ ನಾಸಾ ಕೂಡಿ 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆಸಿದ ಈ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ನೇರವಾಗಿ ಉಪಗ್ರಹದಿಂದಲೇ ಟಿ.ವಿ. ನೋಡಿದವು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಶಾಲೆಯ ಹತ್ತಿರವೋ ಪಂಚಾಯಿತಿ ಕಟ್ಟೆಯ ಬಳಿಯೋ ಮೂರು ಮೀಟರ್ ಅಗಲದ ಬುಟ್ಟಿಯಂಥ ಆಂಟೆನಾ. ಅದಕ್ಕೆ ಬಿಗಿದದ್ದು ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿ. ಪೆಟ್ಟಿಗೆಗಳನ್ನು ತಯಾರಿಸಿದ್ದು ಹೈದರಾಬಾದಿನ ಇಸಿಐಎಲ್. ಬೆಳಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ತೆಲುಗಿನವುಗಳ ಜೊತೆಗೆ, ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ. ಉಪಗ್ರಹಕ್ಕೆ ಇನ್ನೊಂದು ಗುಣವಿತ್ತು: ಒಂದೇ ಚಿತ್ರದ ಜೊತೆ ಎರಡು ಭಾಷೆಯ ಧ್ವನಿಯನ್ನು ಅದು ಹೊತ್ತು ತರಬಲ್ಲದಾಗಿತ್ತು. ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಆಡುವ ಈ ಸೀಮೆಗೆಂದೇ ಮಾಡಿಸಿದಂತಿತ್ತು ಆ ಯಂತ್ರ.

ಪ್ರಯೋಗ ಮುಗಿದು ಉಪಗ್ರಹ ವಾಪಸಾದ ಮೇಲೆ ಆ ಹಳ್ಳಿಗಳ ಕೈ ಬಿಡಬಾರದೆಂದು ನೆಲದ ಮೇಲೆ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸಿದರು: ಜೈಪುರ, ಹೈದರಾಬಾದ್, ರಾಯಪುರ, ಮುಜಫರ್‌ಪುರ, ಸಂಬಲ್‌ಪುರ, ಗುಲ್ಬರ್ಗ. ಈ ಪಟ್ಟಿಯಲ್ಲಿ ಆಗ ರಾಜಧಾನಿಗಳಾಗಿದ್ದವು ಮೊದಲ ಎರಡೇ. ಉಳಿದ ನಾಲ್ಕು ಊರುಗಳು ಸುತ್ತಲ ಹಳ್ಳಿಗಳ ದೆಸೆಯಿಂದಲೇ ಗೋಪುರ ಕಂಡವು. ಮದರಾಸು, ಕಲ್ಕತ್ತ, ಮುಂಬಯಿಗಳಲ್ಲಿ ಟಿ.ವಿ. ಎಂದರೆ ನಗರದ ಸೊಗಸಾಗಿದ್ದ ದಿನಗಳಲ್ಲಿ ಜೋಳ-ತೊಗರಿಯ ನಾಡಿಗೆ ಸಿಕ್ಕ ಮನ್ನಣೆ ಇದು.

ಹೈದರಾಬಾದಿನಲ್ಲಿ ತಯಾರಾಗಿ, ಅಧಿಕಾರಿಗಳು ಬರೆದ ಪಾಠ ಒಪ್ಪಿಸುತ್ತಿದ್ದದ್ದನ್ನು ಸ್ಥಳೀಯ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಅರ್ಧ ಹುರುಳಿದೆ. ಹಳ್ಳಿಗನಿಗೆ ಏನು ಬೇಕೆಂದು ಹಳ್ಳಿಗನನ್ನು ಕೇಳಿದ್ದು ಕಡಿಮೆ. 1982ರ ಆಗಸ್ಟ್ 15ರಿಂದ ರಾಷ್ಟ್ರೀಯ ಕಾರ್ಯಕ್ರಮ ಬಂದ ಮೇಲಂತೂ ರಾತ್ರಿಯ ಹೊತ್ತು ದೆಹಲಿಯ ಪಾಲಾಯಿತು. ಆದರೆ ಹೈದರಾಬಾದ್ ದೂರದ ಊರು ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. 1956ರ ನವೆಂಬರ್ 1ರವರೆಗೆ ಗುಲ್ಬರ್ಗ, ರಾಯಚೂರುಗಳಿಗೂ ಅದೇ ರಾಜಧಾನಿ. ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಭಾಷಾವಾರು ಗೆರೆ ಎಳೆದ ಹತ್ತೊಂಬತ್ತು ವರ್ಷಕ್ಕೆ ಅದೇ ಊರಿನಿಂದ ಕನ್ನಡದ ಚಿತ್ರ ಹೊರಟದ್ದು ಹಳೆಯ ದಾರಿಯಲ್ಲೇ ಗಾಡಿ ಹೊಡೆದಂತೆ.

ಎರಡನೆಯ ಆಕ್ಷೇಪ ಇಂದಿನದು, ಹೆಚ್ಚು ಗಟ್ಟಿಯಾದದ್ದು. ಅಂಗೈಯಲ್ಲಿ ಫೋನ್ ಇರುವಾಗ ಗೋಪುರ ಯಾಕೆ? 2021ರಲ್ಲಿ ಕಲಬುರಗಿ ಕೇಂದ್ರ ಮುಚ್ಚುತ್ತದೆಂಬ ಸುದ್ದಿ ಹಬ್ಬಿದಾಗ, ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನಷ್ಟೇ ನಿಲ್ಲಿಸುತ್ತಿದ್ದೇವೆ, ಕೇಂದ್ರದ ಕಾರ್ಯಕ್ರಮಗಳು ದೂರದರ್ಶನದ ಚಂದನ ವಾಹಿನಿಯಲ್ಲೂ ಯೂಟ್ಯೂಬಿನಲ್ಲೂ ಬರುತ್ತವೆ ಎಂದು ಪ್ರಸಾರ ಭಾರತಿ ಸ್ಪಷ್ಟಪಡಿಸಿತು. ತಂತ್ರದ ದೃಷ್ಟಿಯಿಂದ ಅದು ಸರಿಯಾದ ಮಾತೇ; ತುಕ್ಕು ಹಿಡಿದ ಯಂತ್ರಕ್ಕೆ ಕಣ್ಣೀರು ಹಾಕುವುದರಲ್ಲಿ ಅರ್ಥವಿಲ್ಲ. ಆದರೆ ಫೋನು ಬಗೆಹರಿಸಿದ್ದು ತಲುಪಿಸುವ ಕಷ್ಟವನ್ನು. ತಯಾರಿಸುವ ಕಷ್ಟ ಇದ್ದಲ್ಲೇ ಇದೆ. ಗೋಪುರದ ಅಲೆಗೆ ರಾಜ್ಯದ ಗಡಿ ಗೊತ್ತಿರಲಿಲ್ಲ. ಈಗಿನ ವಾಹಿನಿಗಳೋ ರಾಜ್ಯಕ್ಕೊಂದರಂತೆ ಹಂಚಿಕೆಯಾಗಿವೆ: ಕರ್ನಾಟಕಕ್ಕೆ ಚಂದನ, ತೆಲಂಗಾಣಕ್ಕೆ ಯಾದಗಿರಿ. ಮಕ್ತಲ್‌ನ ಮನೆಯ ಮೇಲಿನ ಪುಟ್ಟ ಡಿಶ್ ಎರಡನ್ನೂ ಹಿಡಿಯುತ್ತದೆ. ಆದರೆ ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ತೆಲಂಗಾಣದವರಾದ್ದರಿಂದ ಚಂದನದ ಲೆಕ್ಕಕ್ಕೆ ಬರುವುದಿಲ್ಲ, ಓದುವುದು ಕನ್ನಡವಾದ್ದರಿಂದ ಯಾದಗಿರಿಯ ಲೆಕ್ಕಕ್ಕೂ ಸೇರುವುದಿಲ್ಲ. ಹಾಗೆ ನೋಡಿದರೆ ನದಿಯಾಚೆಯ ರಾಯಚೂರಿಗೆ ಅವರು ರೈಲಿನಲ್ಲಿ ಒಂದು ಸೇತುವೆ ದಾಟಿದರೆ ಸಾಕು.